ನೀರು ಬಂದ ಮೇಲೆ ಮಣ್ಣು: ಅಥಣಿ ರಸ್ತೆಯಲ್ಲಿ ಒಂದು ಪರೀಕ್ಷೆ

ನೇರ ಪ್ರಸಾರದ ಮಾತುಕತೆಯಲ್ಲಿ ಒಳ್ಳೆಯ ಪ್ರಶ್ನೆ ಬರುವುದು ಯಾವಾಗಲೂ ಕೊನೆಯ ಎರಡು ನಿಮಿಷದಲ್ಲಿ. ಮಣ್ಣು ಪರೀಕ್ಷೆಯನ್ನು ಕುರಿತ ನಮ್ಮ ಕಾರ್ಯಕ್ರಮದಲ್ಲೂ ಹಾಗೆಯೇ ಆಯಿತು. ತಿಕೋಟಾ ಕಡೆಯ ಪಿಯುಸಿ ವಿದ್ಯಾರ್ಥಿನಿಯೊಬ್ಬಳು ದೂರವಾಣಿಯಲ್ಲಿ ಕೇಳಿದಳು: "ಸರ, ನಮ್ಮ ಹೊಲಕ್ಕ ನೀರು ಬಂದು ನಾಕು ವರ್ಷ ಆತು. ಮೊದಲ ಎರಡು ವರ್ಷ ಬೆಳಿ ಭಾಳ ಚಲೋ ಬಂತು. ಈಗ ಒಂದು ಮೂಲ್ಯಾಗ ಏನೂ ಹುಟ್ಟವಲ್ದು. ನೀರಿನಿಂದ ಮಣ್ಣು ಕೆಡತೈತೇನ್ರಿ?"

ತಜ್ಞರು "ಕೆಡಬಹುದು, ಪರೀಕ್ಷೆ ಮಾಡಿಸಿ" ಎನ್ನುವಷ್ಟರಲ್ಲಿ ಸಮಯ ಮುಗಿಯಿತು. ಆ ಹುಡುಗಿಗೆ ಅರ್ಧ ಉತ್ತರ ಕೊಟ್ಟು ಕಳಿಸಿದ ಬೇಸರ ನನ್ನಲ್ಲಿ ಉಳಿದಿದೆ. ಉಳಿದರ್ಧವನ್ನು ಈ ಪುಟಗಳಲ್ಲಿ ಹೇಳಲು ಪ್ರಯತ್ನಿಸುತ್ತೇನೆ. ವಿದ್ಯಾರ್ಥಿ ಮಿತ್ರರೇ, ಇದರಲ್ಲಿ ಸ್ವಲ್ಪ ರಸಾಯನಶಾಸ್ತ್ರವಿದೆ, ಸ್ವಲ್ಪ ಗುಣಾಕಾರವಿದೆ. ಎರಡೂ ಹತ್ತನೆಯ ತರಗತಿಯ ಮಟ್ಟವನ್ನು ಮೀರುವುದಿಲ್ಲ.

ರಸ್ತೆಯ ಎರಡು ತುದಿಗಳು

ವಿಜಯಪುರ ನಗರದಿಂದ ಪಶ್ಚಿಮಕ್ಕೆ ಹೊರಡುವ ಅಥಣಿ ರಸ್ತೆಯಲ್ಲಿ ಮೊದಲು ಸಿಗುವುದು ತೊರವಿ, ಆಮೇಲೆ ತಿಕೋಟಾ. ದಕ್ಷಿಣಕ್ಕೆ ಸರಿದರೆ ಬಬಲೇಶ್ವರ. ಈ ನೆಲ ಕಿಟಕಿಯಿಂದ ನೋಡುವವರಿಗೆ ಒಂದೇ ಬಗೆಯದಾಗಿ ಕಂಡರೂ ಇಳಿದು ನಡೆದರೆ ಹಾಗಿಲ್ಲ. ಎತ್ತರದಲ್ಲಿ ಮಡ್ಡಿ. ಅಲ್ಲಿ ಮಣ್ಣು ಗೇಣುದ್ದ, ಅದರ ಕೆಳಗೆ ಗರಸು, ಅದರ ಕೆಳಗೆ ಕಲ್ಲು. ತಗ್ಗಿಗೆ ಇಳಿದಂತೆ ಎರೆ. ಡೋಣಿ ನದಿಯ ದಂಡೆಗೆ ಬಂದರೆ ಆಳೆತ್ತರ ಅಗೆದರೂ ಕಪ್ಪು ಮಣ್ಣೇ. ಡೋಣಿ ಬೆಳೆದರೆ ಓಣಿಗೆಲ್ಲ ಕಾಳು ಎಂಬ ಮಾತು ಹುಟ್ಟಿದ್ದು ಇಲ್ಲಿಯೇ. ಆದರೆ ಅದೇ ಡೋಣಿಯ ನೀರು ಸವಳು ಎಂಬುದನ್ನೂ ಈ ಊರುಗಳ ಹಿರಿಯರು ಬಲ್ಲರು. ಬಿಳಿಜೋಳದ ಕಣಜವೂ ಉಪ್ಪು ನೀರಿನ ಹರಿವೂ ಅಕ್ಕಪಕ್ಕದಲ್ಲಿವೆ. ಈ ಲೇಖನದ ವಿಷಯವೆಲ್ಲ ಈ ಎರಡರ ನಡುವೆಯೇ ಇದೆ.

ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬೀಳುವ ಪ್ರದೇಶವಿದು. ಒಣಬೇಸಾಯದ ಸಂಶೋಧನೆ 1930ರ ದಶಕದಲ್ಲೇ ಬಿಜಾಪುರದಲ್ಲಿ ಆರಂಭವಾಯಿತೆಂದರೆ ಇಲ್ಲಿ ನೀರಿನ ಕೊರತೆ ಎಷ್ಟು ಹಳೆಯದೆಂಬುದು ತಿಳಿಯುತ್ತದೆ. ಕೊಳವೆ ಬಾವಿ ಮತ್ತು ಹನಿ ನೀರಾವರಿಯ ಬಲದಿಂದ ತಿಕೋಟಾ ಸುತ್ತಿನ ಮಡ್ಡಿಗಳಲ್ಲಿ ದ್ರಾಕ್ಷಿ ಪಡಗಳು ಎದ್ದವು, ಒಣದ್ರಾಕ್ಷಿಯ ಶೆಡ್ಡುಗಳು ಸಾಲುಗಟ್ಟಿದವು. ಬಳಿಕ 2010ರ ದಶಕದಲ್ಲಿ ತುಬಚಿ–ಬಬಲೇಶ್ವರ ಏತ ನೀರಾವರಿ, ಮುಳವಾಡ ಏತ ನೀರಾವರಿ, ಕೆರೆ ತುಂಬಿಸುವ ಕೆಲಸಗಳು ನಡೆದು ಕೃಷ್ಣೆಯ ನೀರು ಈ ಎತ್ತರಕ್ಕೆ ಏರಿ ಬಂತು. ಬತ್ತಿದ ಕೆರೆಗಳಲ್ಲಿ ನೀರು ನಿಂತದ್ದನ್ನು ಕಂಡು ಊರೂರೇ ಬಾಗಿನ ಅರ್ಪಿಸಿದ ದೃಶ್ಯಗಳನ್ನು ನಮ್ಮ ಕ್ಯಾಮೆರಾಗಳೂ ಹಿಡಿದಿವೆ. ಅದು ನಿಜವಾದ ಸಂತೋಷ. ಅದನ್ನು ಕಿರಿದು ಮಾಡುವ ಉದ್ದೇಶ ನನಗಿಲ್ಲ.

ಆದರೆ ಈ ರಸ್ತೆಗೆ ಇನ್ನೊಂದು ತುದಿಯಿದೆ. ಅಥಣಿಯನ್ನು ದಾಟಿ ಕೃಷ್ಣೆಯ ದಂಡೆಗೆ, ಉಗಾರದ ಕಡೆಗೆ ಹೋಗಿ ನೋಡಿ. ಅಲ್ಲಿಗೆ ನೀರು ಬಂದು ಬಹಳ ವರ್ಷಗಳಾಗಿವೆ, ಕಬ್ಬು ಬಂದೂ ಬಹಳ ವರ್ಷಗಳಾಗಿವೆ. ಕಬ್ಬಿನ ನಡುವೆ ಅಲ್ಲಲ್ಲಿ ಬೆಳ್ಳಗೆ ಹೊಳೆಯುವ, ಹುಲ್ಲು ಕೂಡ ಸರಿಯಾಗಿ ಬೆಳೆಯದ ತುಂಡುಗಳು ಕಾಣುತ್ತವೆ. ಸವಳು–ಜವಳು ಎಂದು ಅಲ್ಲಿನ ರೈತರು ಕರೆಯುವುದು ಇದನ್ನೇ. ಸವಳು ಎಂದರೆ ಉಪ್ಪು, ಜವಳು ಎಂದರೆ ನೀರು ನಿಂತು ಕೊಳೆಯುವುದು. ಆ ನೆಲವನ್ನು ಮತ್ತೆ ಬೆಳೆಗೆ ತರಲು ಭೂಮಿಯೊಳಗೆ ತೂತಿನ ಕೊಳವೆಗಳನ್ನು ಹೂತು ನೀರು ಬಸಿಯುವ ಕೆಲಸ ನಡೆದಿದೆ. ಆ ತುದಿಯಲ್ಲಿ ಆದದ್ದು ಈ ತುದಿಯಲ್ಲಿ ಆಗಬೇಕೆಂದೇನಿಲ್ಲ. ಆಗದಂತೆ ನೋಡಿಕೊಳ್ಳಲು ಈಗ ಸಮಯವಿದೆ. ಹೊಲದ ಮೇಲೆ ಬಿಳಿ ಕಾಣಿಸಿದ ಮೇಲಲ್ಲ.

ಉಪ್ಪು ಎಲ್ಲಿಂದ ಬಂತು?

"ನಾವು ಹೊಲಕ್ಕೆ ಉಪ್ಪು ಹಾಕಿಲ್ಲವಲ್ಲ" ಎಂದು ರೈತರು ಕೇಳುವುದು ಸಹಜ. ಹಾಕಿದ್ದೇವೆ, ನಮಗೆ ಗೊತ್ತಾಗದಂತೆ. ಲೆಕ್ಕ ಮಾಡೋಣ.

ಒಂದು ಎಕರೆಗೆ ಒಂದು ಇಂಚು ನೀರು ನಿಲ್ಲಿಸಿದರೆ ಸುಮಾರು 1 ಲಕ್ಷ 3 ಸಾವಿರ ಲೀಟರ್ ಆಗುತ್ತದೆ. ನೀರಿನಲ್ಲಿ ಕರಗಿದ ಲವಣವನ್ನು ಅಳೆಯಲು ಅದು ವಿದ್ಯುತ್ತನ್ನು ಎಷ್ಟು ಸುಲಭವಾಗಿ ಹರಿಯಬಿಡುತ್ತದೆಂದು ನೋಡುತ್ತಾರೆ. ಇದೇ ವಿದ್ಯುತ್ ವಾಹಕತೆ. ಇದರ ಮಾನ ಡೆಸಿಸೈಮೆನ್ಸ್ ಪ್ರತಿ ಮೀಟರ್. ವಾಹಕತೆ 1 ಇದ್ದ ನೀರಿನ ಪ್ರತಿ ಲೀಟರಿನಲ್ಲಿ ಸುಮಾರು 640 ಮಿಲಿಗ್ರಾಂ ಲವಣವಿರುತ್ತದೆ. ಬಾಯಿಗೆ ಹಾಕಿದರೆ ಅಷ್ಟೇನೂ ಉಪ್ಪೆನಿಸದು. ಆದರೆ ಒಂದು ಎಕರೆಗೆ ಒಂದು ಇಂಚು ಹಾಯಿಸಿದಾಗ ಹೊಲಕ್ಕೆ ಸೇರುವ ಲವಣ ಸುಮಾರು 66 ಕಿಲೋ. ವರ್ಷಕ್ಕೆ 20 ಇಂಚು ಹಾಯಿಸಿದರೆ 1,300 ಕಿಲೋ. ಐವತ್ತು ಕಿಲೋದ ಚೀಲದ ಲೆಕ್ಕದಲ್ಲಿ 26 ಚೀಲ! ನೀರು ಇದರ ಅರ್ಧದಷ್ಟೇ ಲವಣವಿರುವ ಒಳ್ಳೆಯ ನೀರೆಂದರೂ 13 ಚೀಲ. ಕೊಳವೆ ಬಾವಿಯ ನೀರಿನ ವಾಹಕತೆ 2 ಇದ್ದರೆ 52 ಚೀಲ.

ನೀರು ಆವಿಯಾಗಿ ಹೋಗುತ್ತದೆ, ಬೆಳೆಯ ಎಲೆಗಳ ಮೂಲಕ ಹೋಗುತ್ತದೆ. ಉಪ್ಪು ಹೋಗುವುದಿಲ್ಲ. ಮಲೆನಾಡಿನ ಮಳೆ ಇದ್ದರೆ ತೊಳೆದುಕೊಂಡು ಹೋಗುತ್ತಿತ್ತು. ಇಲ್ಲಿಯ ಮಳೆ ಸಾಲದು, ಇಲ್ಲಿಯ ಮಣ್ಣು ಬಿಡದು.

ಮಣ್ಣು ಏಕೆ ಬಿಡದು ಎಂಬುದು ಸ್ವಾರಸ್ಯದ ಸಂಗತಿ. ದಖನ್ನಿನ ಕಪ್ಪು ಶಿಲೆ, ಅಂದರೆ ಬಸಾಲ್ಟ್, ಶಿಥಿಲವಾಗಿ ಎರೆ ಮಣ್ಣಾಗಿದೆ. ಇದರ ಜೇಡಿ ಕಣಗಳು ಪುಸ್ತಕದ ಹಾಳೆಗಳಂತೆ ಪದರ ಪದರವಾಗಿರುತ್ತವೆ. ನೀರು ಬಿದ್ದಾಗ ಹಾಳೆಗಳ ನಡುವೆ ಹೊಕ್ಕು ಮಣ್ಣು ಉಬ್ಬುತ್ತದೆ. ಒಣಗಿದಾಗ ಕುಗ್ಗಿ, ಬೇಸಿಗೆಯಲ್ಲಿ ಕೈ ತೂರಿಸುವಷ್ಟು ಬಿರುಕು ಬಿಡುತ್ತದೆ. ಹಿಂಗಾರಿ ಜೋಳಕ್ಕೆ ಈ ಗುಣ ವರದಾನ, ಏಕೆಂದರೆ ಸೆಪ್ಟೆಂಬರ್ ಮಳೆಯ ತೇವವನ್ನು ಇದು ಜನವರಿಯವರೆಗೆ ಹಿಡಿದಿಡುತ್ತದೆ. ಅದೇ ಗುಣ ನೀರಾವರಿಗೆ ತೊಡಕು. ಉಬ್ಬಿದ ಮಣ್ಣಿನಲ್ಲಿ ನೀರು ಕೆಳಗೆ ಇಳಿಯುವುದು ಬಹಳ ನಿಧಾನ. ಹೆಚ್ಚು ಹಾಯಿಸಿದರೆ ಕೆಳಪದರದಲ್ಲಿ ನೀರು ನಿಂತು ಮಟ್ಟ ಮೇಲೇರುತ್ತದೆ. ಆ ಮಟ್ಟ ನೆಲದಿಂದ ಐದಾರು ಅಡಿಯೊಳಗೆ ಬಂದರೆ ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ನೀರು ಮೇಲಕ್ಕೆ ಏರುತ್ತದೆ, ಬಿಸಿಲಿಗೆ ಆವಿಯಾಗುತ್ತದೆ, ಹೊತ್ತು ತಂದ ಉಪ್ಪನ್ನು ಮೇಲ್ಪದರದಲ್ಲಿ ಬಿಟ್ಟು ಹೋಗುತ್ತದೆ. ಆ ವಿದ್ಯಾರ್ಥಿನಿಯ ಹೊಲದ ಒಂದೇ ಮೂಲೆ ಏಕೆ ಕೆಟ್ಟಿತು? ನಾನು ಆ ಹೊಲವನ್ನು ನೋಡಿಲ್ಲ. ಆದರೆ ಬಹುಮಟ್ಟಿಗೆ ಅದು ತಗ್ಗಿನ ಮೂಲೆ ಇದ್ದೀತು, ಮೇಲಿನ ಹೊಲಗಳ ಬಸಿನೀರೆಲ್ಲ ಬಂದು ಸೇರುವ ಜಾಗ.

ಇದು ಹೊಸ ಸಂಗತಿಯೇನಲ್ಲ. ಬಿಜಾಪುರ ಮುಂಬಯಿ ಪ್ರಾಂತ್ಯದಲ್ಲಿದ್ದ ಕಾಲದಲ್ಲಿ, ಅದೇ ಪ್ರಾಂತ್ಯದ ಪುಣೆ ಜಿಲ್ಲೆಯ ನೀರಾ ಕಣಿವೆಗೆ ಕಾಲುವೆ ಬಂತು. ಕೆಲವೇ ದಶಕಗಳಲ್ಲಿ ಅಲ್ಲಿಯ ಕಪ್ಪು ನೆಲ ಸವಳಾಗತೊಡಗಿತು. ಪುಣೆ ಕೃಷಿ ಕಾಲೇಜಿನ ಹೆರಾಲ್ಡ್ ಮ್ಯಾನ್ ಮತ್ತು ತಾಮ್ಹಣೆ ಅವರು 1910ರಲ್ಲೇ ನೀರಾ ಕಣಿವೆಯ ಸವಳು ಭೂಮಿಗಳ ಮೇಲೆ ವರದಿ ಪ್ರಕಟಿಸಿದರು. ಇನ್ನೂ ಹಿಂದೆ ಹೋದರೆ, ಟೈಗ್ರಿಸ್–ಯೂಫ್ರೆಟಿಸ್ ನದಿಗಳ ನಡುವಿನ ಸುಮೇರಿಯಾದ ಕಥೆ ಇದೆ. ನೆಲ ಸವಳಾದಂತೆ ಅಲ್ಲಿಯ ಜನ ಗೋಧಿಯನ್ನು ಬಿಟ್ಟು ಉಪ್ಪು ತಡೆಯುವ ಬಾರ್ಲಿಗೆ ಸರಿದರೆಂದು ಜೇಕಬ್ಸನ್ ಮತ್ತು ಆಡಮ್ಸ್ ಎಂಬ ವಿದ್ವಾಂಸರು 1958ರಲ್ಲಿ ವಾದಿಸಿದರು. ಆ ವಾದವನ್ನು ಪೂರ್ತಿ ಒಪ್ಪದವರೂ ಇದ್ದಾರೆ. ನಮಗೆ ಸುಮೇರಿಯಾಕ್ಕಿಂತ ನೀರಾ ಕಣಿವೆಯೇ ಹತ್ತಿರದ ಪಾಠ, ಏಕೆಂದರೆ ಅದರ ಮಣ್ಣೂ ನಮ್ಮದೇ ಬಸಾಲ್ಟಿನ ಮಣ್ಣು.

ಇಲ್ಲಿ ಬೆಳೆಯ ಆಯ್ಕೆಯೂ ಸೇರಿಕೊಳ್ಳುತ್ತದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1985ರಲ್ಲಿ ಪ್ರಕಟಿಸಿದ ಕೈಪಿಡಿಯಲ್ಲಿ ಯಾವ ಬೆಳೆ ಮಣ್ಣಿನ ಎಷ್ಟು ಲವಣವನ್ನು ಇಳುವರಿ ಕಡಿಮೆಯಾಗದಂತೆ ತಡೆಯುತ್ತದೆಂಬ ಪಟ್ಟಿ ಇದೆ. ಜೋಳ 6.8 ಡೆಸಿಸೈಮೆನ್ಸ್‌ವರೆಗೆ ತಡೆಯುತ್ತದೆ, ಹತ್ತಿ 7.7. ಕಬ್ಬು ತಡೆಯುವುದು 1.7 ಮಾತ್ರ, ದ್ರಾಕ್ಷಿ 1.5. ನೀರು ಬಂದ ಕೂಡಲೇ ನಾವು ಆರಿಸಿಕೊಳ್ಳುವ ಎರಡು ಬೆಳೆಗಳೇ ಉಪ್ಪಿಗೆ ಬೇಗ ಸೋಲುವಂಥವು! ದ್ರಾಕ್ಷಿ ಬೆಳೆಗಾರರು ಡಾಗ್‌ರಿಡ್ಜ್ ಎಂಬ ಕಾಡು ಜಾತಿಯ ಬೇರಿನ ಮೇಲೆ ಕಸಿ ಕಟ್ಟುವುದು ಉಪ್ಪಿನ ಏಟನ್ನು ಸ್ವಲ್ಪ ತಡೆಯಲೆಂದೇ.

ಒಂದು ಗ್ರಾಂ ಮಣ್ಣಿನ ಸಾಕ್ಷಿ

ಪರೀಕ್ಷೆ ಎಂದರೆ ಪ್ರಯೋಗಾಲಯ, ಗಾಜಿನ ನಳಿಕೆ, ಯಂತ್ರ ಎಂದು ನಾವು ತಿಳಿಯುತ್ತೇವೆ. ನಿಜವಾಗಿ ಪರೀಕ್ಷೆ ಅರ್ಧ ಗೆಲ್ಲುವುದು ಅಥವಾ ಸೋಲುವುದು ಹೊಲದಲ್ಲಿ, ಸಲಿಕೆ ಹಿಡಿದಾಗ.

ಒಂದು ಎಕರೆಯ ಮೇಲಿನ ಆರು ಇಂಚು ಮಣ್ಣಿನ ತೂಕ ಸುಮಾರು 8 ಲಕ್ಷ ಕಿಲೋಗ್ರಾಂ. ನಾವು ಚೀಲದಲ್ಲಿ ಕಳಿಸುವುದು ಅರ್ಧ ಕಿಲೋ. ಅದರಲ್ಲಿ ಇಂಗಾಲದ ಪರೀಕ್ಷೆಗೆ ಬಳಸುವುದು ಒಂದು ಗ್ರಾಂ ಅಥವಾ ಅದಕ್ಕಿಂತ ಕಡಿಮೆ. ಎಂಟು ಲಕ್ಷ ಕಿಲೋದ ಪರವಾಗಿ ಒಂದು ಗ್ರಾಂ ಸಾಕ್ಷಿ ಹೇಳಬೇಕು. ಸಾಕ್ಷಿ ಸುಳ್ಳಾದರೆ ತೀರ್ಪೂ ಸುಳ್ಳು.

ನಾನು ಬಿ.ಎಸ್ಸಿ. ಓದುತ್ತಿದ್ದಾಗ ರಜೆಯಲ್ಲಿ ಊರಿಗೆ ಹೋಗಿ, ಬಹಳ ಉತ್ಸಾಹದಿಂದ ನಮ್ಮ ಹೊಲದ ಮಣ್ಣು ತೆಗೆದು ಪರೀಕ್ಷೆಗೆ ಕೊಟ್ಟೆ. ಸಾವಯವ ಇಂಗಾಲ ಹೇರಳವಾಗಿದೆ ಎಂದು ಫಲಿತಾಂಶ ಬಂತು. ಆ ವರ್ಷ ತಂದೆಯವರು ನನ್ನ ಮಾತು ನಂಬಿ ತಿಪ್ಪೆಗೊಬ್ಬರವನ್ನು ಬೇರೆ ಹೊಲಕ್ಕೆ ಹಾಕಿಸಿದರು. ಬೆಳೆ ಸೊರಗಿತು. ಆಮೇಲೆ ನೆನಪಾಯಿತು: ಬಿಸಿಲಿಗೆ ಬೇಸತ್ತು ನಾನು ಮಣ್ಣು ತೆಗೆದದ್ದು ಬೇವಿನ ಮರದ ನೆರಳಿನಲ್ಲಿ, ಹಿಂದಿನ ವರ್ಷ ಗೊಬ್ಬರ ಗುಡ್ಡೆ ಹಾಕಿದ್ದ ಜಾಗದ ಪಕ್ಕದಲ್ಲಿ. ತಂದೆಯವರು ಏನೂ ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು.

ಆದ್ದರಿಂದ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಬೆಳೆ ಕೊಯ್ದ ಮೇಲೆ, ಗೊಬ್ಬರ ಹಾಕುವ ಮೊದಲು ಮಣ್ಣು ತೆಗೆಯಬೇಕು. ಮೊದಲು ಹೊಲವನ್ನು ಕಣ್ಣಿನಿಂದಲೇ ಭಾಗ ಮಾಡಿ. ಮಡ್ಡಿ ಬೇರೆ, ಎರೆ ಬೇರೆ, ಬೆಳೆ ಸರಿಬಾರದ ಮೂಲೆ ಬೇರೆ. ಇವನ್ನು ಒಂದೇ ಚೀಲದಲ್ಲಿ ಬೆರೆಸಿದರೆ ಯಾವ ಹೊಲದ್ದೂ ಅಲ್ಲದ ಸರಾಸರಿ ಬರುತ್ತದೆ. ಒಂದೊಂದು ಭಾಗದಲ್ಲೂ ಅಂಕುಡೊಂಕಾಗಿ ನಡೆಯುತ್ತ ಹತ್ತು ಹದಿನೈದು ಕಡೆ ಮೇಲಿನ ಕಸಕಡ್ಡಿ ಸರಿಸಿ, 'ವಿ' ಆಕಾರದಲ್ಲಿ ಆರು ಇಂಚು ಆಳದ ಗುಣಿ ತೆಗೆಯಿರಿ. ಗುಣಿಯ ಒಂದು ಮಗ್ಗುಲಿನಿಂದ ಮೇಲಿನಿಂದ ಕೆಳಗಿನವರೆಗೆ ಒಂದೇ ದಪ್ಪದ ಪದರ ಕೆರೆದುಕೊಳ್ಳಿ. ಒಡ್ಡಿನ ಅಂಚು, ಮರದ ಬುಡ, ಬಾವಿಯ ಹತ್ತಿರ, ತಿಪ್ಪೆಯ ಜಾಗ, ದನ ಕಟ್ಟುವ ಜಾಗ ಬೇಡ. ಎಲ್ಲವನ್ನೂ ಸ್ವಚ್ಛ ಬಟ್ಟೆಯ ಮೇಲೆ ಸುರಿದು, ಹೆಂಟೆ ಒಡೆದು, ಚೆನ್ನಾಗಿ ಬೆರೆಸಿ ವೃತ್ತಾಕಾರವಾಗಿ ಹರಡಿ. ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡು ಭಾಗ ತೆಗೆದುಹಾಕಿ. ಅರ್ಧ ಕಿಲೋ ಉಳಿಯುವವರೆಗೆ ಹೀಗೆಯೇ ಮಾಡಿ. ನೆರಳಿನಲ್ಲಿ ಒಣಗಿಸಿ ಸ್ವಚ್ಛವಾದ ಹೊಸ ಚೀಲದಲ್ಲಿ ಕಟ್ಟಿ. ಯೂರಿಯಾ ಇದ್ದ ಚೀಲ ಬಳಸಿದರೆ ನಿಮ್ಮ ಮಣ್ಣಿನ ಸಾರಜನಕವಲ್ಲ, ಕಾರ್ಖಾನೆಯ ಸಾರಜನಕ ಪರೀಕ್ಷೆಯಾಗುತ್ತದೆ. ಸತು, ಕಬ್ಬಿಣಗಳ ಪರೀಕ್ಷೆ ಬೇಕಿದ್ದರೆ ತುಕ್ಕು ಹಿಡಿದ ಕುರ್ಚಿಗೆ ಬಿಟ್ಟು ಮರದ ಅಥವಾ ಸ್ಟೀಲಿನ ಉಪಕರಣ ಬಳಸಿ.

ದ್ರಾಕ್ಷಿ, ದಾಳಿಂಬೆ, ನಿಂಬೆಯಂಥ ಆಳದ ಬೇರಿನ ಗಿಡಗಳಿಗೆ ಆರು ಇಂಚು ಸಾಲದು. ಮೂರು ಅಡಿಯವರೆಗೆ ಅಗೆದು ಒಂದೊಂದು ಅಡಿಯ ಮಣ್ಣನ್ನು ಬೇರೆ ಬೇರೆ ಕಟ್ಟಬೇಕು. ಉಪ್ಪಿನ ವಿಷಯದಲ್ಲಿ ಇದು ಬಹಳ ಮುಖ್ಯ. ಮೇಲೆ ಶುದ್ಧ, ಎರಡನೆಯ ಅಡಿಯಲ್ಲಿ ಉಪ್ಪು ಎಂಬ ಸ್ಥಿತಿಯಲ್ಲೇ ಅದನ್ನು ಹಿಡಿಯಬೇಕು. ಜೊತೆಗೆ ಬಾವಿಯ ನೀರನ್ನೂ ಒಂದು ಬಾಟಲಿಯಲ್ಲಿ ಕಳಿಸಿ. ಮಣ್ಣನ್ನು ಮಾತ್ರ ಪರೀಕ್ಷಿಸಿ ನೀರನ್ನು ಬಿಡುವುದು ಸೋರುವ ಮನೆಯಲ್ಲಿ ನೆಲ ಒರೆಸಿದಂತೆ.

ಕಾರ್ಡಿನ ಮೇಲಿನ ಅಂಕಿಗಳು

ಕೇಂದ್ರ ಸರ್ಕಾರದ ಮಣ್ಣು ಆರೋಗ್ಯ ಕಾರ್ಡ್ ಯೋಜನೆ 2015ರ ಫೆಬ್ರವರಿ 19ರಂದು ರಾಜಸ್ಥಾನದ ಸೂರತ್‌ಗಢದಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ ಅದಕ್ಕೂ ಮೊದಲು, 2009ರಿಂದ, ಇಕ್ರಿಸ್ಯಾಟ್ ಸಂಸ್ಥೆಯ ನೆರವಿನ ಭೂಚೇತನ ಯೋಜನೆಯಲ್ಲಿ ಹಳ್ಳಿ ಹಳ್ಳಿಯ ಮಣ್ಣು ಪರೀಕ್ಷೆ ನಡೆದಿತ್ತು. ಒಣಭೂಮಿಯ ಬೆಳೆ ಸೊರಗುವುದು ನೀರಿನ ಕೊರತೆಯೊಂದರಿಂದಲೇ ಅಲ್ಲ, ಗಂಧಕ, ಸತು, ಬೋರಾನ್‌ಗಳ ಕೊರತೆಯಿಂದಲೂ ಎಂಬುದು ಆಗ ಸ್ಪಷ್ಟವಾಯಿತು.

ಕಾರ್ಡಿನಲ್ಲಿ ಹನ್ನೆರಡು ಅಂಶಗಳಿರುತ್ತವೆ. ಕಾರ್ಡು ಕೈಗೆ ಬಂದೊಡನೆ ಎಲ್ಲರೂ ಸಾರಜನಕ, ರಂಜಕ, ಪೊಟ್ಯಾಷ್‌ಗಳನ್ನೇ ನೋಡುತ್ತಾರೆ, ಏಕೆಂದರೆ ಅಂಗಡಿಯಲ್ಲಿ ಕೊಳ್ಳುವುದು ಅವನ್ನೇ. ನನ್ನ ಸಲಹೆ, ಅಥಣಿ ರಸ್ತೆಯ ಮಟ್ಟಿಗಂತೂ, ಮೊದಲು ಬೇರೆ ಮೂರನ್ನು ಓದಿ: ರಸಸಾರ, ವಿದ್ಯುತ್ ವಾಹಕತೆ, ಸಾವಯವ ಇಂಗಾಲ.

ರಸಸಾರ 7 ಇದ್ದರೆ ಮಣ್ಣು ತಟಸ್ಥ. ನಮ್ಮ ಎರೆ ಸುಣ್ಣದ ಹರಳುಗಳಿಂದ ಕೂಡಿರುವುದರಿಂದ 8ರ ಆಸುಪಾಸು ಇರುವುದು ಸಹಜ. ಒಂದು ಹನಿ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಬಿಟ್ಟರೆ ಸೊರ್ರೆಂದು ನೊರೆ ಬರುತ್ತದೆ. 8.5ನ್ನು ದಾಟಿದರೆ ಸೋಡಿಯಂ ಸೇರಿಕೊಂಡಿರುವ ಅನುಮಾನ ಪಡಬೇಕು. ಇದು ಹತ್ತರ ಗುಣಕದ ಮಾಪಕ. 7.5ಕ್ಕೂ 8.5ಕ್ಕೂ ಒಂದರ ಅಂತರವಲ್ಲ, ಹತ್ತು ಪಟ್ಟಿನ ಅಂತರ. ಸುಣ್ಣ ಹೆಚ್ಚಿರುವ ಈ ಮಣ್ಣಿನಲ್ಲಿ ಕಬ್ಬಿಣ ಬೇಕಾದಷ್ಟಿದ್ದರೂ ಗಿಡಕ್ಕೆ ಸಿಗುವುದಿಲ್ಲ. ಎಳೆಯ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುವುದು ಇದರಿಂದಲೇ. ಅದನ್ನು ಕಂಡು ಯೂರಿಯಾ ಸುರಿಯುವವರನ್ನು ನಾನು ನೋಡಿದ್ದೇನೆ.

ವಾಹಕತೆಯನ್ನು ಸಾಮಾನ್ಯವಾಗಿ ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು ಬೆರೆಸಿ ಅಳೆಯುತ್ತಾರೆ. ಹಾಗೆ ಅಳೆದಾಗ 1ರೊಳಗಿದ್ದರೆ ಹೆಚ್ಚಿನ ಬೆಳೆಗಳಿಗೆ ತೊಂದರೆಯಿಲ್ಲ. ಮಣ್ಣನ್ನು ನೀರಿನಿಂದ ಕೇವಲ ಕೆಸರು ಮಾಡಿ, ಅದರ ರಸ ಹಿಂಡಿ ಅಳೆಯುವ ಇನ್ನೊಂದು ವಿಧಾನವಿದೆ. ಅದರಲ್ಲಿ 4ನ್ನು ದಾಟಿದರೆ ಸವಳು ಎನ್ನುತ್ತಾರೆ. ಮೇಲೆ ಹೇಳಿದ ದ್ರಾಕ್ಷಿ, ಜೋಳಗಳ ಅಂಕಿಗಳೂ ಈ ಎರಡನೆಯ ವಿಧಾನದವು. ಒಂದೇ ಮಣ್ಣಿಗೆ ಎರಡು ವಿಧಾನದಲ್ಲಿ ಎರಡು ಅಂಕಿ ಬರುವುದರಿಂದ, ಯಾವ ವಿಧಾನವೆಂದು ಕೇಳದೆ ಗಾಬರಿಯಾಗಬೇಡಿ, ಸಮಾಧಾನವನ್ನೂ ಪಡಬೇಡಿ. ಒಂದೇ ವಿಧಾನದಲ್ಲಿ, ಒಂದೇ ತಿಂಗಳಲ್ಲಿ, ವರ್ಷ ವರ್ಷವೂ ಅಳೆದು ಬರೆದಿಟ್ಟರೆ ಅಂಕಿ ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯುತ್ತದೆ.

ಸಾವಯವ ಇಂಗಾಲದ ಪರೀಕ್ಷೆ ನೋಡಲು ಬಹಳ ಚೆನ್ನ. ಪೊಟ್ಯಾಸಿಯಂ ಡೈಕ್ರೋಮೇಟಿನ ಕಿತ್ತಳೆ ದ್ರಾವಣ ಮತ್ತು ಗಂಧಕಾಮ್ಲವನ್ನು ಮಣ್ಣಿಗೆ ಸೇರಿಸಿದಾಗ ಮಣ್ಣಿನ ಇಂಗಾಲ ಸುಟ್ಟುಹೋಗುತ್ತದೆ. ಇಂಗಾಲ ಹೆಚ್ಚಿದ್ದಷ್ಟೂ ಕಿತ್ತಳೆ ಬಣ್ಣ ಹಸಿರಿನ ಕಡೆಗೆ ತಿರುಗುತ್ತದೆ. ವಾಕ್ಲಿ ಮತ್ತು ಬ್ಲ್ಯಾಕ್ ಎಂಬವರು 1934ರಲ್ಲಿ ಪ್ರಕಟಿಸಿದ ವಿಧಾನವಿದು. ಶೇಕಡಾ 0.5ಕ್ಕಿಂತ ಕಡಿಮೆಯಾದರೆ ಕೊರತೆ, 0.75ಕ್ಕಿಂತ ಮೇಲಿದ್ದರೆ ಸಮೃದ್ಧಿ. ಎರೆ ಕಪ್ಪಗಿರುವುದರಿಂದ ಇಂಗಾಲ ಹೇರಳವಾಗಿದೆ ಎಂದು ತಿಳಿಯುವವರುಂಟು. ಅದು ತಪ್ಪು. ಕಪ್ಪು ನೆಲದಲ್ಲೂ ಅರ್ಧ ಶೇಕಡಾ ಇರದ ಹೊಲಗಳು ಬೇಕಾದಷ್ಟಿವೆ.

ಕಾರ್ಡಿನ ಬಗ್ಗೆ ನನ್ನದೊಂದು ತಕರಾರಿದೆ. ಯೋಜನೆಯ ಮೊದಲ ಸುತ್ತುಗಳಲ್ಲಿ ನೀರಾವರಿ ನೆಲದಲ್ಲಿ ಎರಡೂವರೆ ಹೆಕ್ಟೇರಿಗೆ, ಮಳೆ ಆಶ್ರಿತ ನೆಲದಲ್ಲಿ 10 ಹೆಕ್ಟೇರಿಗೆ ಒಂದು ಮಾದರಿ ಎಂಬ ನಿಯಮವಿತ್ತು. ಹತ್ತು ಹೆಕ್ಟೇರು ಎಂದರೆ 25 ಎಕರೆ. ನಮ್ಮ ಕಡೆ 25 ಎಕರೆಯಲ್ಲಿ ಮೇಲೆ ಮಡ್ಡಿ, ಕೆಳಗೆ ಎರೆ, ತುದಿಗೆ ಹಳ್ಳ ಎಲ್ಲವೂ ಬಂದುಬಿಡುತ್ತವೆ. ನಿಮ್ಮ ಹೆಸರಿನ ಕಾರ್ಡಿನಲ್ಲಿ ಪಕ್ಕದವರ ಹೊಲದ ಮಣ್ಣು ಮಾತಾಡಿರಬಹುದು. ಅಷ್ಟು ದೊಡ್ಡ ದೇಶಕ್ಕೆ ಆರಂಭ ಮಾಡುವಾಗ ಅದು ಅನಿವಾರ್ಯವಾಗಿತ್ತೆಂದು ಒಪ್ಪೋಣ. ಆದರೆ ತಗ್ಗಿನ ಮೂಲೆಯ ಉಪ್ಪನ್ನು ಹಿಡಿಯಬೇಕಾದರೆ ರೈತನೇ ತನ್ನ ಚೀಲ ಕಟ್ಟಿಕೊಂಡು ರೈತ ಸಂಪರ್ಕ ಕೇಂದ್ರಕ್ಕೋ ಕೃಷಿ ವಿಜ್ಞಾನ ಕೇಂದ್ರಕ್ಕೋ ಹೋಗಬೇಕು.

ಗಾಜಿನ ಲೋಟದ ಪ್ರಯೋಗ

ಇದನ್ನು ನೀವು ಮನೆಯಲ್ಲೇ ಮಾಡಬಹುದು. ನಾವೂ ಸ್ಟುಡಿಯೋದಲ್ಲಿ ಮಾಡಿದೆವು. ಆದರೆ ಎರಡು ಗಂಟೆ ಕಾಯಬೇಕಾದ್ದರಿಂದ ತೆರೆಯ ಮೇಲೆ ಹತ್ತು ಸೆಕೆಂಡಿಗೆ ಇಳಿಸಬೇಕಾಯಿತು.

ಹೊಲದ ಬೇರೆ ಬೇರೆ ಕಡೆಯಿಂದ ಕಡಲೆ ಕಾಳಿನ ಗಾತ್ರದ ಒಣ ಹೆಂಟೆಗಳನ್ನು ತನ್ನಿ. ಗಾಜಿನ ಲೋಟಗಳಲ್ಲಿ ಮಳೆ ನೀರು ಅಥವಾ ಬ್ಯಾಟರಿಗೆ ಹಾಕುವ ಶುದ್ಧ ನೀರು ತುಂಬಿ. ಕೊಳವೆ ಬಾವಿಯ ನೀರು ಬೇಡ, ಅದರ ಲವಣ ಫಲಿತಾಂಶವನ್ನು ಮುಚ್ಚಿಬಿಡುತ್ತದೆ. ಒಂದೊಂದು ಹೆಂಟೆಯನ್ನು ಮೆಲ್ಲಗೆ ಒಳಗಿಟ್ಟು ಅಲುಗಾಡಿಸದೆ ಬಿಡಿ. ಹೆಂಟೆ ಹಾಗೆಯೇ ಉಳಿದರೆ ಅಥವಾ ಕುಸಿದರೂ ನೀರು ತಿಳಿಯಾಗಿದ್ದರೆ ಚಿಂತೆಯಿಲ್ಲ. ಹೆಂಟೆಯ ಸುತ್ತ ಹಾಲಿನಂಥ ಮೋಡ ಎದ್ದರೆ ಮಣ್ಣಿನಲ್ಲಿ ಸೋಡಿಯಂ ಹೆಚ್ಚಿದೆ ಎಂದು ಅರ್ಥ. ಜೇಡಿಯ ಕಣಗಳನ್ನು ಕ್ಯಾಲ್ಸಿಯಂ ಒಂದಕ್ಕೊಂದು ಹಿಡಿದಿಡುತ್ತದೆ. ಅದರ ಜಾಗದಲ್ಲಿ ಸೋಡಿಯಂ ಕುಳಿತರೆ ಕಣಗಳು ಬಿಡಿ ಬಿಡಿಯಾಗಿ ತೇಲುತ್ತವೆ. ಹೊಲದಲ್ಲಿ ಇದೇ ಆದಾಗ ಬಿಡಿ ಕಣಗಳು ರಂಧ್ರಗಳನ್ನು ಮುಚ್ಚಿ, ಮೇಲೆ ನೀರು ನಿಂತು ಕೆಳಗೆ ಬೇರು ಉಸಿರುಗಟ್ಟುತ್ತದೆ. ಈಗ ಆ ಮೋಡದ ಲೋಟಕ್ಕೆ ಒಂದು ಚಿಟಿಕೆ ಜಿಪ್ಸಮ್ ಹಾಕಿ ಕಲಕಿ ಇಡಿ. ಸ್ವಲ್ಪ ಹೊತ್ತಿನಲ್ಲಿ ಕಣಗಳು ಮುದ್ದೆಗಟ್ಟಿ ತಳಕ್ಕಿಳಿದು ನೀರು ತಿಳಿಯಾಗುತ್ತದೆ. ಜಿಪ್ಸಮ್ಮಿನ ಕ್ಯಾಲ್ಸಿಯಂ ಮಾಡಿದ ಕೆಲಸವಿದು.

ಒಂದು ಎಚ್ಚರಿಕೆ. ಉಪ್ಪು ವಿಪರೀತವಿರುವ ಮಣ್ಣಿನಲ್ಲಿ ಸೋಡಿಯಂ ಇದ್ದರೂ ಮೋಡ ಏಳದಿರಬಹುದು, ಏಕೆಂದರೆ ಆ ಉಪ್ಪೇ ಕಣಗಳನ್ನು ಹಿಡಿದಿಟ್ಟಿರುತ್ತದೆ. ಅಂಥ ಹೊಲವನ್ನು ಜಿಪ್ಸಮ್ ಇಲ್ಲದೆ ಬರಿಯ ಸಿಹಿ ನೀರಿನಿಂದ ತೊಳೆದರೆ ಉಪ್ಪು ಹೋಗುತ್ತದೆ, ಸೋಡಿಯಂ ಉಳಿಯುತ್ತದೆ, ಮಣ್ಣು ಮೊದಲಿಗಿಂತ ಕೆಡುತ್ತದೆ. ಲೋಟ ಅನುಮಾನ ಹುಟ್ಟಿಸುತ್ತದೆ, ನಿರ್ಧಾರ ಹೇಳಬೇಕಾದದ್ದು ಪ್ರಯೋಗಾಲಯ.

ತಿಕೋಟಾದ ಹೊಲವೊಂದರಲ್ಲಿ

ಚಿತ್ರೀಕರಣಕ್ಕೆ ಹೋದಾಗ ತಿಕೋಟಾ ಸಮೀಪದ ಹಿರಿಯ ರೈತರೊಬ್ಬರು ನಮ್ಮನ್ನು ತಮ್ಮ ಪಡದ ತಗ್ಗಿನ ತುದಿಗೆ ಕರೆದೊಯ್ದರು. ಅಲ್ಲಿ ಬಳ್ಳಿಯ ಎಲೆಗಳ ಅಂಚು ಸುಟ್ಟಂತಿತ್ತು. "ಕಾಕಾ, ಇದಕ್ಕೇನು ಹಾಕಿದಿರಿ?" ಎಂದು ಕೇಳಿದೆ. "ಏನ ಹಾಕಿಲ್ಲ ಕೇಳ್ರಿ ಸಾಹೇಬ್ರ" ಎಂದು ನಕ್ಕರು. "ಅಂಗಡಿಯವರು ಹೇಳಿದ್ದೆಲ್ಲಾ ಹಾಕೀನಿ. ಮಣ್ಣ ಮಾತ್ರ ಕೇಳಿದ್ದಿಲ್ಲ."

ಅವರು ಮೂರು ಅಡಿಯವರೆಗಿನ ಮಣ್ಣನ್ನೂ ಬಾವಿಯ ನೀರನ್ನೂ ಪರೀಕ್ಷೆ ಮಾಡಿಸಿದರು. ನೀರಿನಲ್ಲೇ ಉಪ್ಪಿತ್ತು. ಎರಡನೆಯ ಅಡಿಯ ಮಣ್ಣಿನಲ್ಲಿ ಉಪ್ಪಿನ ಜೊತೆ ಸೋಡಿಯಂ ಕೂಡ ಇತ್ತು. ಆಮೇಲೆ ಅವರು ಮಾಡಿದ್ದು ಹೀಗೆ. ಮೊದಲು ಪಡದ ಕೆಳಗಿನ ಅಂಚಿಗೆ ಆಳವಾದ ಬಸಿಗಾಲುವೆ ತೋಡಿಸಿದರು. ಇದೇ ಮೊದಲಾಗಬೇಕು. ಹೊರದಾರಿ ಇಲ್ಲದೆ ಉಪ್ಪನ್ನು ತೊಳೆಯುವುದೆಂದರೆ ಅದನ್ನು ಒಂದಡಿ ಕೆಳಗೆ ಬಚ್ಚಿಡುವುದಷ್ಟೇ. ನಂತರ ಪ್ರಯೋಗಾಲಯ ಲೆಕ್ಕ ಹಾಕಿ ಬರೆದುಕೊಟ್ಟಷ್ಟು ಜಿಪ್ಸಮ್ ಹರಗಿ ಮಣ್ಣಿಗೆ ಬೆರೆಸಿದರು. ಜಿಪ್ಸಮ್ಮಿನ ಕ್ಯಾಲ್ಸಿಯಂ ಜೇಡಿಯ ಮೇಲಿನ ಸೋಡಿಯಮ್ಮನ್ನು ಎಬ್ಬಿಸಿ ತಾನು ಕೂರುತ್ತದೆ. ಎದ್ದ ಸೋಡಿಯಂ ಸಲ್ಫೇಟಾಗಿ ನೀರಿನಲ್ಲಿ ಕರಗಿ ಬಸಿಗಾಲುವೆಗೆ ಹೋಗುತ್ತದೆ. ಮುಂಗಾರಿ ಮಳೆ ಹರಿದು ಹೋಗದಂತೆ ಸಾಲುಗಳ ನಡುವೆ ಒಡ್ಡು ಹಾಕಿ ಆ ತೊಳೆಯುವ ಕೆಲಸವನ್ನು ಮಳೆಗೇ ವಹಿಸಿದರು. ಕೃಷ್ಣೆಯ ನೀರು ಸಿಕ್ಕಾಗ ಬಾವಿಯ ನೀರನ್ನು ಅದರೊಂದಿಗೆ ಬೆರೆಸಿ ಹನಿಯ ಮೂಲಕ ಬಿಟ್ಟರು.

ಇಂಗಾಲಕ್ಕೆ ಅವರ ಉಪಾಯ ಹಳೆಯದು. ಬೇಸಿಗೆಯಲ್ಲಿ ಪಕ್ಕದ ಜೋಳದ ಹೊಲದಲ್ಲಿ ಕುರಿ ಮಂದೆ ನಿಲ್ಲಿಸಿದರು. ಪಡದ ಸಾಲಿನಲ್ಲಿ ಸೆಣಬು ಬಿತ್ತಿ ಹೂ ಬಿಡುವ ಹೊತ್ತಿಗೆ ಮಣ್ಣಿಗೆ ಸೇರಿಸಿದರು. ಚಾಟಣಿ ಮಾಡಿದ ಕಡ್ಡಿಗಳನ್ನು ಸುಡುವುದು ಬಿಟ್ಟು ಕತ್ತರಿಸಿ ಬುಡಕ್ಕೆ ಹೊದಿಸಿದರು. ಹೊದಿಕೆಯಿಂದ ಆವಿಯಾಗುವುದು ತಗ್ಗುತ್ತದೆ, ಆವಿ ತಗ್ಗಿದರೆ ಉಪ್ಪು ಮೇಲೇರುವುದು ತಗ್ಗುತ್ತದೆ. ಇಂಗಾಲದ ವಿಷಯದಲ್ಲಿ ಮಾತ್ರ ಆತುರ ಸಲ್ಲದು. ನಮ್ಮ ಬಿಸಿಲಿಗೆ ಹಾಕಿದ ಗೊಬ್ಬರದ ಹೆಚ್ಚು ಪಾಲು ಗಾಳಿಗೆ ಹೋಗುತ್ತದೆ, ಕಾರ್ಡಿನ ಅಂಕಿ ಕದಲಲು ಹಲವು ವರ್ಷ ಬೇಕು.

ಪಡದ ತೀರ ತಗ್ಗಿನ ಐದಾರು ಸಾಲುಗಳನ್ನು ಅವರು ಕಿತ್ತೇ ಹಾಕಿದರು. ಅಲ್ಲಿ ಈಗ ಬಿಳಿಜೋಳವಿದೆ. "ಮಂದಿ ನಗತಾರ್ರಿ, ನೀರ ಇದ್ದೂ ಜ್ವಾಳ ಬಿತ್ಯಾನ ಅಂತ" ಎಂದರು. 6.8 ಮತ್ತು 1.5ರ ಲೆಕ್ಕವನ್ನು ನಾನು ಹೇಳಿದಾಗ ಆ ಅಂಕಿಗಳನ್ನು ಬರೆಸಿಕೊಂಡರು.

ನಾವು ಹೊರಡುವಾಗ ಅವರ ಮನೆಯ ಪಡಸಾಲೆಯಲ್ಲಿ ಈ ವರ್ಷದ ಚೀಲಗಳು ಸಾಲಾಗಿದ್ದವು. ಮೊಮ್ಮಗಳು ಚೀಟಿ ಬರೆಯುತ್ತಿದ್ದಳು: ಮಡ್ಡಿ, ನಡುವಿನ ಪಟ್ಟಿ, ತಗ್ಗು ಒಂದನೆಯ ಅಡಿ, ತಗ್ಗು ಎರಡನೆಯ ಅಡಿ, ತಗ್ಗು ಮೂರನೆಯ ಅಡಿ. ಕೊನೆಗೆ ಒಂದು ಬಾಟಲಿ, ಬಾವಿ ನೀರು.